ವನ್ಯಪ್ರಾಣಿ ಸಾಕಣೆ: ಸ್ಥಳೀಯ ಆಡಳಿತದ ಲೆಕ್ಕಕ್ಕೆ ಸಿಗದ ಪಂಜರಗಳು

ಅಮೆರಿಕದ ಉತ್ತರ ಕ್ಯಾರೊಲಿನಾ ರಾಜ್ಯದ ರಾಲಿ ನಗರದಲ್ಲಿ 2021ರ ಜೂನ್ ಕೊನೆಯ ವಾರ ಒಂದು ಮನೆಯ ಜಗಲಿಯ ಮೇಲೆ ಜೀಬ್ರಾ ಕೋಬ್ರಾ ಜಾತಿಯ ಹಾವು ಕಾಣಿಸಿಕೊಂಡಿತು. ಆಫ್ರಿಕದ ನೈರುತ್ಯ ಭಾಗದ ಈ ನಾಗರಹಾವು ಕಚ್ಚುವುದಷ್ಟೇ ಅಲ್ಲದೆ ದೂರದಿಂದಲೇ ವಿಷ ಉಗುಳಬಲ್ಲದು. ಎರಡು ದಿನಗಳ ಹುಡುಕಾಟದ ನಂತರ ಅದು ಸಿಕ್ಕಿತು, ಯಾರಿಗೂ ಅಪಾಯವಾಗಲಿಲ್ಲ. ಆದರೆ ತನಿಖೆಯಲ್ಲಿ ಹೊರಬಿದ್ದ ಸಂಗತಿ ನಗರದ ಜನರನ್ನು ಬೆಚ್ಚಿಬೀಳಿಸಿತು: ಹಾವು ತಪ್ಪಿಸಿಕೊಂಡದ್ದು ಹಿಂದಿನ ವರ್ಷದ ನವೆಂಬರ್‌ನಲ್ಲಿ. ಏಳು ತಿಂಗಳ ಕಾಲ ಆ ವಿಷಯ ಮಾಲೀಕನಿಗೆ ಬಿಟ್ಟರೆ ಅಧಿಕಾರದಲ್ಲಿರುವ ಯಾರಿಗೂ ಗೊತ್ತಿರಲಿಲ್ಲ.

ಕಾನೂನೇ ಇರಲಿಲ್ಲ ಎನ್ನುವಂತಿಲ್ಲ. ವಿಷದ ಹಾವನ್ನು ಬೀಗ ಹಾಕಿದ, ತಪ್ಪಿಸಿಕೊಳ್ಳಲಾಗದ ಪೆಟ್ಟಿಗೆಯಲ್ಲಿ ಇಡಬೇಕು, ಒಳಗಿರುವುದು ಏನೆಂದು ಪೆಟ್ಟಿಗೆಯ ಮೇಲೆ ಬರೆದಿರಬೇಕು, ಹಾವು ತಪ್ಪಿಸಿಕೊಂಡರೆ ಕೂಡಲೇ ಪೊಲೀಸರಿಗೆ ತಿಳಿಸಬೇಕು ಎಂದು ಆ ರಾಜ್ಯದ ಕಾಯ್ದೆ ಹೇಳುತ್ತಿತ್ತು. ಮಾಲೀಕನ ಮೇಲೆ ಹೊರಿಸಲಾದ 40 ಆರೋಪಗಳೂ ಈ ಮೂರು ಕರ್ತವ್ಯಗಳಿಗೇ ಸಂಬಂಧಿಸಿದ್ದವು. ಆದರೆ ಹಾವನ್ನು ತರುವ ಮುನ್ನ ಯಾರ ಅನುಮತಿಯನ್ನೂ ಪಡೆಯಬೇಕಾಗಿರಲಿಲ್ಲ, ತಂದ ಮೇಲೆ ಯಾವ ಕಚೇರಿಗೂ ತಿಳಿಸಬೇಕಾಗಿರಲಿಲ್ಲ. ಪೆಟ್ಟಿಗೆಯ ಮೇಲೆ ಚೀಟಿ ಕಡ್ಡಾಯವಾಗಿತ್ತು, ಆ ಚೀಟಿಯನ್ನು ಓದಲು ಬರುವವರು ಯಾರೂ ಇರಲಿಲ್ಲ.

ಕಾಡಿನ ಪ್ರಾಣಿಗಳನ್ನೂ ಹೊರದೇಶಗಳ ಅಪರೂಪದ ಜೀವಿಗಳನ್ನೂ ಮನೆಯಲ್ಲಿ ಸಾಕುವುದರ ಕುರಿತ ಚರ್ಚೆ ಸಾಮಾನ್ಯವಾಗಿ ನಿಷೇಧ ಬೇಕೇ ಬೇಡವೇ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಅದು ಮುಖ್ಯ ಪ್ರಶ್ನೆ, ನಿಜ. ಆದರೆ ಕಳೆದ ಐವತ್ತು ವರ್ಷಗಳಲ್ಲಿ ಬೇರೆ ಬೇರೆ ದೇಶಗಳಲ್ಲಿ ನಡೆದದ್ದನ್ನು ನೋಡಿದರೆ, ನಿಷೇಧವಿದ್ದಲ್ಲೂ ಇಲ್ಲದಲ್ಲೂ ವ್ಯವಸ್ಥೆ ಕುಸಿದಿರುವುದು ಒಂದೇ ಕಡೆ: ಯಾವ ಮನೆಯಲ್ಲಿ ಯಾವ ಪ್ರಾಣಿ ಇದೆ ಎಂಬುದು ಆ ಊರಿನ ಆಡಳಿತಕ್ಕೆ ತಿಳಿಯದಿರುವಲ್ಲಿ, ತಿಳಿದರೂ ಆ ಪ್ರಾಣಿಯನ್ನು ಕೊಂಡೊಯ್ದು ಇಡಲು ಜಾಗವಿಲ್ಲದಿರುವಲ್ಲಿ. ಈ ಎರಡು ಕೊರತೆಗಳನ್ನು ತುಂಬಬಲ್ಲವರು ರಾಜಧಾನಿಯಲ್ಲಿ ಕುಳಿತವರಲ್ಲ, ಸ್ಥಳೀಯ ಸಂಸ್ಥೆಗಳು. ಆ ಸಂಸ್ಥೆಗಳ ಕೈಗೆ ಅಧಿಕಾರವನ್ನೂ ಹಣವನ್ನೂ ಕೊಡದೆ ಮೇಲಿನಿಂದ ಎಷ್ಟು ಕಾಯ್ದೆಗಳನ್ನು ಹೊರಡಿಸಿದರೂ ಅವು ಕಾಗದದಲ್ಲೇ ಉಳಿಯುತ್ತವೆ ಎಂಬುದು ಈ ಲೇಖನದ ವಾದ.

ಮೊದಲು ಮೇಲಿನ ಹಂತವನ್ನು ನೋಡೋಣ. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದಕ್ಕೆ 1973ರಲ್ಲಿ ವಾಷಿಂಗ್ಟನ್‌ನಲ್ಲಿ ಸಹಿ ಬಿದ್ದು, 1975ರಲ್ಲಿ ಅದು ಜಾರಿಗೆ ಬಂತು. ಜೀವಿಗಳನ್ನು ಅದು ಮೂರು ಅನುಬಂಧಗಳಲ್ಲಿ ವರ್ಗೀಕರಿಸುತ್ತದೆ. ಯಾವ ಪ್ರಭೇದ ಯಾವ ಅನುಬಂಧಕ್ಕೆ ಸೇರುತ್ತದೆ ಎಂಬುದನ್ನು ನಿರ್ಧರಿಸುವುದು ಮುಖ್ಯವಾಗಿ ವ್ಯಾಪಾರದಿಂದ ಅದರ ಉಳಿವಿಗೆ ಎಷ್ಟು ಕುತ್ತು ಬಂದಿದೆ ಎಂಬ ಅಂಶ. ಪಕ್ಕದ ಮನೆಯವರಿಗೆ ಅದರಿಂದ ಎಷ್ಟು ಅಪಾಯ ಎಂಬುದು ಸೈಟಿಸ್‌ನ ಪ್ರಶ್ನೆಯೇ ಅಲ್ಲ. ಹಾಗಾಗಿ ಯಾರಿಗೂ ಕೇಡು ಮಾಡದ ನಕ್ಷತ್ರ ಆಮೆ ಮೊದಲ ಅನುಬಂಧದಲ್ಲಿದ್ದು ಕಟ್ಟುನಿಟ್ಟಿನ ರಕ್ಷಣೆ ಪಡೆದಿದೆ. ಇನ್ನೊಂದೆಡೆ, ಮನೆಗಳಲ್ಲಿ ಸಾಕಲಾಗುವ ಎಷ್ಟೋ ಪ್ರಭೇದಗಳು ಯಾವ ಅನುಬಂಧದಲ್ಲೂ ಇಲ್ಲ. ಇದಲ್ಲದೆ, ಸೈಟಿಸ್ ಗಮನಿಸುವುದು ಗಡಿ ದಾಟುವ ಪ್ರಾಣಿಯನ್ನು. ಗಡಿಯೊಳಗೇ ಹುಟ್ಟಿ, ಅಲ್ಲೇ ಮಾರಾಟವಾಗಿ, ಅಲ್ಲೇ ಪಂಜರ ಸೇರುವ ಮರಿಯ ಮೇಲೆ ಆ ಒಪ್ಪಂದದ ನೇರ ಹಿಡಿತ ಇಲ್ಲ.

ದೇಶೀಯ ಕಾಯ್ದೆಗಳು ಈ ತೆರಪನ್ನು ತುಂಬಬೇಕು. ಭಾರತದ ಉದಾಹರಣೆ ಇಲ್ಲಿ ಬೋಧಪ್ರದ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಮ್ಮ ಕಾಡುಗಳ ಪ್ರಾಣಿಪಕ್ಷಿಗಳನ್ನು ಸೆರೆಹಿಡಿದು ಸಾಕುವುದನ್ನು ಬಿಗಿಯಾಗಿ ತಡೆದಿತ್ತಾದರೂ ಹೊರದೇಶಗಳ ಪ್ರಾಣಿಗಳ ವಿಷಯದಲ್ಲಿ ಬಹುಕಾಲ ಮೌನವಾಗಿತ್ತು. ಅದರ ಫಲವಾಗಿ, ಹೊಲದ ಬದುವಿನಲ್ಲಿ ಹಾರುವ ಹಸಿರು ಗಿಳಿಯನ್ನು ಪಂಜರದಲ್ಲಿಟ್ಟರೆ ಅಪರಾಧ, ದಕ್ಷಿಣ ಅಮೆರಿಕದ ಮಕಾವ್ ಇಟ್ಟುಕೊಂಡರೆ ಕೇಳುವವರಿಲ್ಲ ಎಂಬ ಪರಿಸ್ಥಿತಿ ಉಂಟಾಯಿತು. 2020ರಲ್ಲಿ ಕೇಂದ್ರ ಪರಿಸರ ಸಚಿವಾಲಯವು ವಿದೇಶಿ ಜೀವಿಗಳನ್ನು ಸಾಕಿರುವವರು ಸ್ವಯಂಪ್ರೇರಿತರಾಗಿ ಘೋಷಿಸಿಕೊಳ್ಳಲು ಅವಕಾಶ ಕೊಟ್ಟಿತು. ಆರು ತಿಂಗಳೊಳಗೆ ಘೋಷಿಸಿದವರಿಂದ ದಾಖಲೆ ಕೇಳುವುದಿಲ್ಲ ಎಂದಿತು. 2022ರ ತಿದ್ದುಪಡಿಯು ಸೈಟಿಸ್ ಪಟ್ಟಿಯ ಜೀವಿಗಳಿಗಾಗಿ ಪ್ರತ್ಯೇಕ ಅಧ್ಯಾಯವನ್ನೂ ಅನುಸೂಚಿಯನ್ನೂ ಸೇರಿಸಿತು. ಅದು 2023ರ ಏಪ್ರಿಲ್ 1ರಂದು ಜಾರಿಗೆ ಬಂತು. 2024ರ ಫೆಬ್ರುವರಿಯಲ್ಲಿ ಪ್ರಕಟವಾದ ನಿಯಮಗಳ ಪ್ರಕಾರ ಅಂಥ ಜೀವಿಗಳನ್ನು ಹೊಂದಿರುವವರು ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳುವುದು ಕಡ್ಡಾಯವಾಯಿತು. ಕೈಬದಲಾವಣೆ, ಜನನ, ಸಾವು ಎಲ್ಲವನ್ನೂ ತಿಳಿಸಬೇಕಾಯಿತು.

ಇದು ದೊಡ್ಡ ಹೆಜ್ಜೆ. ಆದರೆ ಈ ನೋಂದಣಿಯ ಆಧಾರವೂ ಸೈಟಿಸ್ ಪಟ್ಟಿಯೇ. ಆ ಪಟ್ಟಿಯಲ್ಲಿಲ್ಲದ ಮರದಿಂದ ಮರಕ್ಕೆ ತೇಲುವ ಪುಟ್ಟ ಪ್ರಾಣಿ ಶುಗರ್ ಗ್ಲೈಡರ್, ಹಾವಿನ ಜಾತಿಯ ಕಾರ್ನ್ ಸ್ನೇಕ್‌ನಂಥ ಜೀವಿಗಳು ನೋಂದಣಿಯ ಬಲೆಯಿಂದ ಹೊರಗುಳಿಯುತ್ತವೆ. ಎರಡನೆಯದಾಗಿ, ಮಾಹಿತಿ ಹೋಗುವುದು ರಾಜ್ಯದ ಮುಖ್ಯ ವನ್ಯಜೀವಿ ವಾರ್ಡನ್ ಕಚೇರಿಗೆ. ಅರಣ್ಯ ಇಲಾಖೆಯ ಕೆಲಸದ ಕೇಂದ್ರ ಕಾಡು, ವಿದೇಶಿ ಪ್ರಾಣಿಗಳು ಇರುವುದು ನಗರದ ಅಪಾರ್ಟ್‌ಮೆಂಟ್‌ಗಳಲ್ಲಿ. ಬೀದಿ ಬೀದಿಯಲ್ಲಿ ಸಿಬ್ಬಂದಿ ಇರುವ, ನಾಯಿಗಳಿಗೆ ಪರವಾನಗಿ ಕೊಡುವ, ಆರೋಗ್ಯ ನಿರೀಕ್ಷಕರನ್ನು ಹೊಂದಿರುವ ನಗರ ಸ್ಥಳೀಯ ಸಂಸ್ಥೆಗಳು ಈ ನೋಂದಣಿಯ ಹಾದಿಯಲ್ಲಿ ಎಲ್ಲೂ ಇಲ್ಲ.

ಸ್ಥಳೀಯ ಆಡಳಿತವನ್ನೇ ಮುಂದೆ ನಿಲ್ಲಿಸಿದ ಕಾನೂನಿನ ಹಳೆಯ ಮಾದರಿ ಬ್ರಿಟನ್ನಿನದು. 1960ರ ದಶಕದಲ್ಲಿ ಲಂಡನ್ನಿನ ಹ್ಯಾರಡ್ಸ್ ಮಳಿಗೆಯಲ್ಲಿ ಸಿಂಹದ ಮರಿಯನ್ನೇ ಕೊಳ್ಳಬಹುದಾಗಿತ್ತು. ಅಂಥ ಮುಕ್ತ ಮಾರಾಟಕ್ಕೆ ಕಡಿವಾಣ ಹಾಕಿದ್ದು 1976ರ ಅಪಾಯಕಾರಿ ವನ್ಯಪ್ರಾಣಿ ಕಾಯ್ದೆ. ಅದರ ಅನುಸೂಚಿಯಲ್ಲಿರುವ ಯಾವುದೇ ಪ್ರಾಣಿಯನ್ನು ಸಾಕುವವರು ತಮ್ಮ ಪ್ರದೇಶದ ಸ್ಥಳೀಯ ಮಂಡಳಿಯಿಂದ ಪರವಾನಗಿ ಪಡೆಯಬೇಕು. ಮಂಡಳಿ ಕಳುಹಿಸುವ ಪಶುವೈದ್ಯರು ಜಾಗವನ್ನು ನೋಡಿ ವರದಿ ಕೊಡಬೇಕು, ಅದರ ಖರ್ಚನ್ನು ಅರ್ಜಿದಾರರೇ ಭರಿಸಬೇಕು. ಪ್ರಾಣಿಯಿಂದ ಮೂರನೆಯವರಿಗೆ ಆಗಬಹುದಾದ ಹಾನಿಗೆ ವಿಮೆ ಇರಲೇಬೇಕು. ಪರವಾನಗಿಯ ಅವಧಿ ಮೊದಲು ಒಂದು ವರ್ಷವಿತ್ತು, ಈಗ ಎರಡು ವರ್ಷ.

ಈ ಏರ್ಪಾಟಿನಲ್ಲಿ ಮೆಚ್ಚತಕ್ಕದ್ದು ಬಹಳಷ್ಟಿದೆ. ನಿರ್ಧಾರ ಕೈಗೊಳ್ಳುವವರು ಸ್ಥಳವನ್ನು ಕಣ್ಣಾರೆ ನೋಡಬಲ್ಲವರು. ನೋಡಲು ತಜ್ಞರು ಹೋಗುತ್ತಾರೆ. ಖರ್ಚು ಊರಿನ ತೆರಿಗೆದಾರರ ಮೇಲೆ ಬೀಳುವುದಿಲ್ಲ. ವಿಮೆಯ ಷರತ್ತಂತೂ ಸದ್ದಿಲ್ಲದೆ ಕೆಲಸ ಮಾಡುವ ಸಾಧನ. ಅಧಿಕಾರಿ ಕಣ್ಣುಮುಚ್ಚಿದರೂ ವಿಮಾ ಕಂಪನಿ ತನ್ನ ಲಾಭನಷ್ಟ ನೋಡದೆ ಬಿಡುವುದಿಲ್ಲ.

ಕೊರತೆಗಳೂ ಅಷ್ಟೇ ಸ್ಪಷ್ಟ. ಶುಲ್ಕವನ್ನು ಆಯಾ ಮಂಡಳಿಯೇ ನಿಗದಿ ಮಾಡುವುದರಿಂದ ಒಂದು ಊರಿಗೂ ಪಕ್ಕದ ಊರಿಗೂ ಅಜಗಜಾಂತರ. ಶುಲ್ಕ ಹೆಚ್ಚಾದಷ್ಟೂ ಅರ್ಜಿ ಹಾಕದೆ ಗುಟ್ಟಾಗಿ ಸಾಕುವ ಆಸೆಯೂ ಹೆಚ್ಚು. ಕಾಯ್ದೆ ಜಾರಿಗೆ ಬಂದಾಗ ಪರವಾನಗಿಯ ತಾಪತ್ರಯ ಬೇಡವೆಂದು ಕೆಲವರು ಪೂಮಾ, ಚಿರತೆಗಳನ್ನು ಕಾಡುಮೇಡುಗಳಿಗೆ ಬಿಟ್ಟರೆಂಬ ಮಾತು ಅಲ್ಲಿ ಇಂದಿಗೂ ಕೇಳಿಬರುತ್ತದೆ. ಎಲ್ಲವನ್ನೂ ನಂಬಬೇಕಿಲ್ಲ, ಆದರೆ 1980ರಲ್ಲಿ ಸ್ಕಾಟ್ಲೆಂಡಿನ ಕ್ಯಾನಿಕ್ ಬಳಿ ಬೋನಿಗೆ ಬಿದ್ದ ಪೂಮಾ ಎಲ್ಲಿಂದಲೋ ಬಂದಿರಲೇಬೇಕು. ಹೊಸ ಕಾನೂನು ಬಂದ ದಿನ ಮಾಲೀಕರ ಮುಂದೆ ಪ್ರಾಣಿಯನ್ನು ಒಪ್ಪಿಸಲು ಗೌರವದ ದಾರಿಯೊಂದು ಇರಬೇಕು. ಇಲ್ಲದಿದ್ದರೆ ಅವರು ರಾತ್ರೋರಾತ್ರಿ ಬಾಗಿಲು ತೆರೆಯುತ್ತಾರೆ.

ಆ ಕಾಯ್ದೆಯ ಆಳದ ದೋಷ ಇನ್ನೊಂದಿದೆ. ಅದನ್ನು ಬರೆದದ್ದು ಮನುಷ್ಯರ ಸುರಕ್ಷತೆಗಾಗಿ. ಅನುಸೂಚಿಯಲ್ಲಿ ಸೇರುವುದು ಜನರಿಗೆ ಅಪಾಯ ತರಬಲ್ಲ ಪ್ರಾಣಿ ಮಾತ್ರ. ಆದ್ದರಿಂದ ಅಂಗೈಯಲ್ಲಿ ಕೂರುವಷ್ಟು ಪುಟ್ಟ ಮಂಗವಾದ ಮಾರ್ಮೊಸೆಟ್‌ಗೆ ಪರವಾನಗಿ ಬೇಕಿರಲಿಲ್ಲ. ಈ ಮಂಗದ ಸ್ಥಿತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ದಕ್ಷಿಣ ಅಮೆರಿಕದ ಕಾಡಿನ ಮರಗಳ ಮೇಲೆ ಗುಂಪಾಗಿ ಬದುಕುವ ಅದು ಬಿಸಿಲಿನ ನೇರಳಾತೀತ ಕಿರಣದಿಂದ ವಿಟಮಿನ್ ಡಿ3 ಪಡೆಯುತ್ತದೆ. ಅದನ್ನು ಒಂಟಿಯಾಗಿ, ಗಾಜಿನ ಕಿಟಕಿಯ ಹಿಂದೆ, ಹಕ್ಕಿಗೂಡಿನಂಥ ಪಂಜರದಲ್ಲಿಟ್ಟು ಹಣ್ಣು ಬಿಸ್ಕತ್ತು ಕೊಟ್ಟು ಸಾಕಿದರೆ ಮೂಳೆಗಳು ಮೆತ್ತಗಾಗಿ ಬಾಗುತ್ತವೆ, ಕೈಕಾಲು ಮುರಿಯುತ್ತವೆ, ಕೊನೆಗೆ ಕೊಂಬೆ ಹಿಡಿಯಲೂ ಆಗುವುದಿಲ್ಲ. ಮಾಲೀಕರು ಪ್ರೀತಿಯಿಂದಲೇ ಸಾಕಿರುತ್ತಾರೆ. ಅದರ ನೋವನ್ನು ಕಾಣುವ ಕಣ್ಣು ಆ ಕಾಯ್ದೆಗೆ ಇರಲಿಲ್ಲ, ಏಕೆಂದರೆ ಆ ಮಂಗ ಯಾರನ್ನೂ ಕೊಲ್ಲಲಾರದು. ಕೊನೆಗೆ ಇಂಗ್ಲೆಂಡ್ 2024ರಲ್ಲಿ ವಾನರ ವರ್ಗದ ಎಲ್ಲ ಪ್ರಾಣಿಗಳಿಗೂ ಅನ್ವಯಿಸುವ ಪ್ರತ್ಯೇಕ ಪರವಾನಗಿ ನಿಯಮಗಳನ್ನು ಮಾಡಿತು. 2026ರ ಏಪ್ರಿಲ್‌ನಿಂದ ಜಾರಿಯಾಗುವಂತೆ ರೂಪಿಸಿದ ಆ ನಿಯಮಗಳ ಪ್ರಕಾರ ಖಾಸಗಿಯಾಗಿ ಸಾಕುವವರು ಮೃಗಾಲಯದ ಮಟ್ಟದ ವ್ಯವಸ್ಥೆಯನ್ನು ತೋರಿಸಬೇಕು. ಪರಿಶೀಲಿಸುವ ಹೊಣೆ ಇಲ್ಲಿಯೂ ಸ್ಥಳೀಯ ಮಂಡಳಿಯದೇ.

ಅಮೆರಿಕದಲ್ಲಿ ಏಕರೂಪದ ವ್ಯವಸ್ಥೆಯೇ ಇಲ್ಲ. ಫ್ಲೋರಿಡಾದಲ್ಲಿ ವನ್ಯಜೀವಿಗಳ ಮೇಲಿನ ಅಧಿಕಾರವನ್ನು ರಾಜ್ಯದ ಸಂವಿಧಾನವೇ ಒಂದು ಆಯೋಗಕ್ಕೆ ಒಪ್ಪಿಸಿದೆ. ಉತ್ತರ ಕ್ಯಾರೊಲಿನಾ ಅದನ್ನು ಬಹುಮಟ್ಟಿಗೆ ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಮತ್ತು ನಗರಗಳ ವಿವೇಚನೆಗೆ ಬಿಟ್ಟಿದೆ. ಹವಾಯಿ ದ್ವೀಪಗಳಲ್ಲಿ ಹಾವು ಸಾಕಿದರೆ ಎರಡು ಲಕ್ಷ ಡಾಲರ್‌ವರೆಗೆ ದಂಡ, ಜೊತೆಗೆ ಜೈಲು. ಎರಡೂ ತುದಿಗಳಲ್ಲಿ ಕಷ್ಟವಿದೆ. ಎಲ್ಲ ಅಧಿಕಾರವೂ ಮೇಲಿದ್ದರೆ ಊರಿನವರ ಕೈ ಕಟ್ಟಿಹಾಕಿದಂತೆ. ಎಲ್ಲವನ್ನೂ ಕೆಳಕ್ಕೆ ಬಿಟ್ಟರೆ ಒಂದು ಕೌಂಟಿಯಲ್ಲಿ ನಿಷೇಧವಾದದ್ದು ರಸ್ತೆಯಾಚೆಯ ಕೌಂಟಿಯಲ್ಲಿ ರಾಜಾರೋಷವಾಗಿ ನಡೆಯುತ್ತದೆ. ಹುಲಿ ಮಾತ್ರ ಕೌಂಟಿಯ ಗಡಿ ನೋಡಿ ನಡೆಯುವುದಿಲ್ಲ.

ನಿಷೇಧವಿದ್ದ ಮಾತ್ರಕ್ಕೆ ಆಡಳಿತಕ್ಕೆ ಎಲ್ಲವೂ ತಿಳಿಯುತ್ತದೆ ಎನ್ನುವಂತಿಲ್ಲ ಎಂಬುದಕ್ಕೆ ನ್ಯೂಯಾರ್ಕ್ ನಗರ ಸಾಕ್ಷಿ. ಅಲ್ಲಿನ ಆರೋಗ್ಯ ಸಂಹಿತೆ ಕಾಡುಪ್ರಾಣಿಗಳ ಸಾಕಣೆಯನ್ನು ನಿಷೇಧಿಸುತ್ತದೆ, ನಿಷೇಧಿತ ಪ್ರಾಣಿಗಳ ಪಟ್ಟಿ ಉದ್ದವೇ ಇದೆ. ಹಾಗಿದ್ದೂ 2003ರ ಅಕ್ಟೋಬರ್‌ನಲ್ಲಿ ಹಾರ್ಲೆಮ್‌ನ ಸರ್ಕಾರಿ ವಸತಿ ಸಮುಚ್ಚಯದ ಐದನೆಯ ಮಹಡಿಯ ಮನೆಯೊಂದರಲ್ಲಿ ದೊಡ್ಡದಾಗಿ ಬೆಳೆದಿದ್ದ ಹುಲಿ ಪತ್ತೆಯಾಯಿತು. ಅದೇ ಮನೆಯಲ್ಲಿ ಮೊಸಳೆ ಜಾತಿಯ ಪ್ರಾಣಿಯೂ ಇತ್ತು. ವಿಷಯ ಹೊರಬಿದ್ದದ್ದು ತಪಾಸಣೆಯಿಂದಲ್ಲ, ಮಾಲೀಕ ಕಚ್ಚಿಸಿಕೊಂಡು ಆಸ್ಪತ್ರೆಗೆ ಹೋದದ್ದರಿಂದ. ಪೊಲೀಸ್ ಸಿಬ್ಬಂದಿಯೊಬ್ಬರು ಹಗ್ಗದಲ್ಲಿ ಕಟ್ಟಡದ ಹೊರಗೋಡೆಯಿಂದ ಇಳಿದು ಕಿಟಕಿಯ ಮೂಲಕ ಅರಿವಳಿಕೆಯ ಬಾಣ ಹೊಡೆಯಬೇಕಾಯಿತು. ಹುಲಿಯನ್ನು ಓಹಿಯೊ ರಾಜ್ಯದ ಆಶ್ರಯಧಾಮಕ್ಕೆ ಸಾಗಿಸಲಾಯಿತು. ಮಹಾನಗರದ ನಿಷೇಧ ಕಾಗದದ ಮೇಲೆ ಸಂಪೂರ್ಣವಾಗಿತ್ತು, ಬೋನು ಮಾತ್ರ ಇನ್ನೊಂದು ರಾಜ್ಯದಲ್ಲಿತ್ತು.

ಮಾಹಿತಿ ಇದ್ದೂ ಪ್ರಯೋಜನವಾಗದ ಪ್ರಸಂಗವೂ ಇದೆ. ಕನೆಟಿಕಟ್ ರಾಜ್ಯದ ಸ್ಟ್ಯಾಮ್‌ಫರ್ಡ್‌ನಲ್ಲಿ ಒಂದು ಮನೆಯಲ್ಲಿ ಮಗುವಿನಂತೆ ಬೆಳೆದ ಚಿಂಪಾಂಜಿ ಊರಿಗೆಲ್ಲ ಪರಿಚಿತವಾಗಿತ್ತು. 2003ರಲ್ಲಿ ಅದು ಪೇಟೆಯ ನಡುವೆ ಕಾರಿನಿಂದ ತಪ್ಪಿಸಿಕೊಂಡು ಪೊಲೀಸರನ್ನು ಗಂಟೆಗಟ್ಟಲೆ ಓಡಾಡಿಸಿತ್ತು. 2008ರ ಅಕ್ಟೋಬರ್‌ನಲ್ಲಿ ರಾಜ್ಯದ ಪರಿಸರ ಇಲಾಖೆಯ ಜೀವವಿಜ್ಞಾನಿಯೊಬ್ಬರು ಇದರಿಂದ ಯಾರಿಗಾದರೂ ಗಂಭೀರ ಗಾಯವಾಗಬಹುದೆಂದು ಇಲಾಖೆಗೆ ಬರೆದು ಎಚ್ಚರಿಸಿದ್ದರು. ಮುಂದಿನ ಫೆಬ್ರುವರಿಯಲ್ಲಿ ಅದು ತನ್ನ ಒಡತಿಯ ಗೆಳತಿಯ ಮೇಲೆರಗಿ ಮುಖವನ್ನೂ ಕೈಗಳನ್ನೂ ಛಿದ್ರಗೊಳಿಸಿತು; ಪೊಲೀಸರು ಅದನ್ನು ಗುಂಡಿಕ್ಕಿ ಕೊಂದರು. ಇಲ್ಲಿ ಅಜ್ಞಾನವಿರಲಿಲ್ಲ. ಎಚ್ಚರಿಕೆಯ ಪತ್ರ ಬಂದ ಮೇಲೆ ಇಂತಿಷ್ಟು ದಿನಗಳಲ್ಲಿ ಇಂಥವರು ಹೋಗಿ ಇಂಥ ಕ್ರಮ ಕೈಗೊಳ್ಳಬೇಕು ಎಂಬ ಕಟ್ಟುಪಾಡು ಇರಲಿಲ್ಲ. ಮಾಡಬಹುದು ಎನ್ನುವ ಅಧಿಕಾರವಷ್ಟೇ ಇದ್ದು, ಮಾಡಲೇಬೇಕು ಎನ್ನುವ ಹೊಣೆ ಇಲ್ಲದ ನಿಯಮಗಳು ಎಲ್ಲೆಡೆಯೂ ಹೀಗೇ ಕೊನೆಗೊಳ್ಳುತ್ತವೆ.

ಇನ್ನು ಓಹಿಯೊದ ಜೇನ್ಸ್‌ವಿಲ್. ಈ ವಿಷಯದ ಬಗ್ಗೆ ಬರೆಯುವ ಯಾರೂ ಇದನ್ನು ಬಿಟ್ಟು ಮುಂದೆ ಹೋಗಲಾಗದು. 2011ರ ಅಕ್ಟೋಬರ್ 18ರ ಸಂಜೆ ಅಲ್ಲಿನ ಜಮೀನೊಂದರ ಮಾಲೀಕ ತಾನು ಸಾಕಿದ್ದ ಹುಲಿ, ಸಿಂಹ, ಕರಡಿ, ತೋಳಗಳ ಬೋನುಗಳನ್ನು ತೆರೆದು ಆತ್ಮಹತ್ಯೆ ಮಾಡಿಕೊಂಡ. ಕತ್ತಲಾಗುತ್ತಿತ್ತು, ಮಳೆ ಬರುವ ಲಕ್ಷಣವಿತ್ತು, ಹೆದ್ದಾರಿ ಹತ್ತಿರವೇ ಇತ್ತು. ಕೌಂಟಿಯ ಶೆರಿಫ್ ಸಿಬ್ಬಂದಿಯ ಬಳಿ ಇದ್ದದ್ದು ಬಂದೂಕು ಮಾತ್ರ. ಅರಿವಳಿಕೆ ಕೊಟ್ಟು ಹಿಡಿಯಬಾರದಿತ್ತೇ ಎಂದು ನಂತರ ಅನೇಕರು ಕೇಳಿದರು. ಆದರೆ ಅರಿವಳಿಕೆ ಹತ್ತಲು ಹಲವು ನಿಮಿಷ ಬೇಕು. ಬಾಣ ತಾಗಿದ ಹುಲಿ ಅಷ್ಟರಲ್ಲಿ ಕತ್ತಲಿನ ಪೊದೆಯೊಳಗೆ ಹೋದರೆ ಹಿಂಬಾಲಿಸುವವರ ಗತಿ ಏನು? ಪಶುವೈದ್ಯರು ಒಂದು ಹುಲಿಗೆ ಬಾಣ ಹೊಡೆದು ನೋಡಿದರು. ಅದು ಕೆರಳಿತು, ಕೊನೆಗೆ ಅದನ್ನೂ ಗುಂಡಿಟ್ಟು ಕೊಲ್ಲಬೇಕಾಯಿತು. ಹೆದ್ದಾರಿಯ ವಿದ್ಯುನ್ಮಾನ ಫಲಕಗಳಲ್ಲಿ ವಾಹನದಿಂದ ಇಳಿಯಬೇಡಿ ಎಂಬ ಎಚ್ಚರಿಕೆ ಮೂಡಿತು, ಶಾಲೆಗಳಿಗೆ ರಜೆ ಕೊಟ್ಟರು. ಬೆಳಗಾದ ಮೇಲೆ ಎಣಿಸಿದಾಗ ಸತ್ತವು 50ರ ಸಮೀಪ. ಅವುಗಳಲ್ಲಿ 18 ಹುಲಿ, 17 ಸಿಂಹ. ಜೀವಂತವಾಗಿ ಸಿಕ್ಕಿದವು ಆರು.

ಆ ಸಿಬ್ಬಂದಿಯನ್ನು ದೂರುವುದು ಅನ್ಯಾಯ. ಜನರ ಜೀವ ಉಳಿಸುವುದು ಅವರ ಕರ್ತವ್ಯವಾಗಿತ್ತು. ದೂರಬೇಕಾದದ್ದು ಅದಕ್ಕೂ ಹಿಂದಿನ ವರ್ಷಗಳನ್ನು. ಪ್ರಾಣಿಗಳು ಬೇಲಿಯಾಚೆ ಬರುತ್ತವೆಂದು ನೆರೆಹೊರೆಯವರು ದೂರು ಕೊಟ್ಟಿದ್ದರು. ಮಾಲೀಕನಿಗೆ 2005ರಲ್ಲಿ ಪ್ರಾಣಿಹಿಂಸೆಯ ಪ್ರಕರಣದಲ್ಲಿ ಶಿಕ್ಷೆಯಾಗಿತ್ತು. 2011ರ ಜನವರಿಯಲ್ಲಿ ಅಂದಿನ ರಾಜ್ಯಪಾಲರು ಹೊರಡಿಸಿದ್ದ ನಿರ್ಬಂಧದ ಆದೇಶವನ್ನು ಹೊಸ ಸರ್ಕಾರ ಏಪ್ರಿಲ್‌ನಲ್ಲಿ ಮುಂದುವರಿಸಲಿಲ್ಲ. ಬದುಕುಳಿದ ಪ್ರಾಣಿಗಳನ್ನು ನೋಡಿಕೊಂಡ ಕೊಲಂಬಸ್ ಮೃಗಾಲಯ, 2012ರ ಮೇ ತಿಂಗಳಲ್ಲಿ ಅವುಗಳಲ್ಲಿ ಐದನ್ನು ಅದೇ ಜಮೀನಿಗೆ, ಮಾಲೀಕನ ಪತ್ನಿಗೆ, ಮರಳಿಸಬೇಕಾಯಿತು. ಇಷ್ಟೆಲ್ಲ ನಡೆದ ಮೇಲೂ ಅದನ್ನು ತಡೆಯುವ ಕಾನೂನು ಅಂದು ಇರಲಿಲ್ಲ.

ಅದಾದ ಮರುತಿಂಗಳೇ ಓಹಿಯೊ ಕಾಯ್ದೆ ಮಾಡಿತು. ಹುಲಿ, ಸಿಂಹ, ಕರಡಿಗಳಂಥ ಪ್ರಾಣಿಗಳನ್ನು ಹೊಸದಾಗಿ ಕೊಳ್ಳುವಂತಿಲ್ಲ. ಆಗಲೇ ಇದ್ದವರು ನೋಂದಾಯಿಸಿ, ಮೈಕ್ರೋಚಿಪ್ ಹಾಕಿಸಿ, ವಿಮೆ ಮಾಡಿಸಿ, ಪರವಾನಗಿ ಪಡೆದು ಇಟ್ಟುಕೊಳ್ಳಬಹುದು. ಇದನ್ನು ಸಾಕಣೆದಾರರು ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ಮೈಕ್ರೋಚಿಪ್ ಹಾಕಿಸಬೇಕೆಂಬುದು ತಮ್ಮ ಆಸ್ತಿಯ ಮೇಲಿನ ಅತಿಕ್ರಮಣ ಎಂದು ವಾದಿಸಿದರು. 2014ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು. ಆದರೆ ನನ್ನ ದೃಷ್ಟಿಯಲ್ಲಿ ಓಹಿಯೊ ಮಾಡಿದ ಅತಿ ಮುಖ್ಯ ಕೆಲಸ ಕಾಯ್ದೆಯ ಪಠ್ಯದಲ್ಲಿಲ್ಲ: ವಶಪಡಿಸಿಕೊಂಡ ಪ್ರಾಣಿಗಳನ್ನು ಇಡಲು ರೇನಲ್ಡ್ಸ್‌ಬರ್ಗ್‌ನಲ್ಲಿ ಕೃಷಿ ಇಲಾಖೆ ಒಂದು ಕಟ್ಟಡವನ್ನೇ ಕಟ್ಟಿತು. ಬೋನುಗಳು ಸಿದ್ಧವಾದ ಮೇಲೆ ಮುಟ್ಟುಗೋಲಿನ ನೋಟಿಸಿಗೆ ಬೆಲೆ ಬಂತು. ಅದಿಲ್ಲದ ಊರಿನಲ್ಲಿ ಅಧಿಕಾರಿ ನೋಟಿಸು ಬರೆಯಲು ಹಿಂಜರಿಯುತ್ತಾನೆ, ಏಕೆಂದರೆ ಕರಡಿಯನ್ನು ಹಿಡಿದು ತಂದರೆ ಸಂಜೆಗೆ ಅದನ್ನು ಎಲ್ಲಿ ಕಟ್ಟುವುದು ಎಂಬುದು ಅವನಿಗೆ ತಿಳಿಯದು.

ದೇಶವ್ಯಾಪಿ ಕಾನೂನಿಗೆ ಇನ್ನೂ ಹತ್ತು ವರ್ಷ ಹಿಡಿಯಿತು. 2022ರ ಡಿಸೆಂಬರ್ 20ರಂದು ಸಹಿಯಾದ ಕಾಯ್ದೆ ದೊಡ್ಡ ಬೆಕ್ಕಿನ ಜಾತಿಯ ಪ್ರಾಣಿಗಳನ್ನು ಖಾಸಗಿಯವರು ಸಾಕುವುದನ್ನೂ, ಮರಿಗಳನ್ನು ಸಾರ್ವಜನಿಕರ ಕೈಗೆ ಕೊಟ್ಟು ಹಣ ಮಾಡುವುದನ್ನೂ ನಿಷೇಧಿಸಿತು. ಹಳೆಯ ಮಾಲೀಕರಿಗೆ 2023ರ ಜೂನ್ 18ರೊಳಗೆ ನೋಂದಾಯಿಸಲು ಅವಕಾಶವಿತ್ತು. ರಾಲಿ ನಗರವೂ 2022ರಲ್ಲಿ ತನ್ನದೇ ನಿಷೇಧವನ್ನು ತಂದಿತು. ಜರ್ಮನಿಯ ನಾರ್ತ್ ರೈನ್-ವೆಸ್ಟ್‌ಫೇಲಿಯಾ ರಾಜ್ಯದ್ದೂ ಇದೇ ಕತೆ: 2019ರ ಆಗಸ್ಟ್‌ನಲ್ಲಿ ಹರ್ನೆ ಪಟ್ಟಣದ ವಸತಿ ಕಟ್ಟಡವೊಂದರಲ್ಲಿ ನಾಗರಹಾವು ತಪ್ಪಿಸಿಕೊಂಡು ಸುಮಾರು 30 ನಿವಾಸಿಗಳು ಹಲವು ದಿನ ಮನೆ ಬಿಟ್ಟಿರಬೇಕಾಯಿತು, 2021ರ ಜನವರಿಯಿಂದ ಅಲ್ಲಿ ವಿಷಜಂತುಗಳ ಹೊಸ ಸಾಕಣೆಯನ್ನು ನಿಷೇಧಿಸುವ ಕಾಯ್ದೆ ಜಾರಿಯಾಯಿತು. ಎಲ್ಲ ಕಡೆಯೂ ಮೊದಲು ಅವಘಡ, ನಂತರ ಕಾನೂನು. ಪ್ರತಿ ಊರೂ ತನ್ನ ಪಾಠವನ್ನು ತನ್ನದೇ ಜನರ ಜೀವದ ಮೇಲೆ ಕಲಿಯಬೇಕಾಗಿಲ್ಲ.

ಯಾವ ಪ್ರಾಣಿಯನ್ನು ತಡೆಯಬೇಕು ಎಂಬುದನ್ನು ನಿರ್ಧರಿಸುವ ಬಗೆಯಲ್ಲಿ ಯುರೋಪಿನ ಕೆಲವು ದೇಶಗಳು ಬೇರೆ ದಾರಿ ಹಿಡಿದಿವೆ. ನಿಷೇಧಿತ ಪ್ರಾಣಿಗಳ ಪಟ್ಟಿ ಮಾಡಿದರೆ ಅದು ಎಂದಿಗೂ ಮುಗಿಯುವುದಿಲ್ಲ. ಪಟ್ಟಿಗೆ ಒಂದು ಸೇರಿಸುವಷ್ಟರಲ್ಲಿ ಮಾರುಕಟ್ಟೆಗೆ ಇನ್ನೊಂದು ಬಂದಿರುತ್ತದೆ. ಅದರ ಬದಲು ಸಾಕಬಹುದಾದ ಪ್ರಾಣಿಗಳ ಪಟ್ಟಿ ಮಾಡಿ, ಅದರಲ್ಲಿಲ್ಲದ್ದನ್ನೆಲ್ಲ ತಡೆಯುವುದು ಅವರ ವಿಧಾನ. ಬೆಲ್ಜಿಯಂ ಸಸ್ತನಿಗಳಿಗಾಗಿ 42 ಪ್ರಭೇದಗಳ ಇಂಥ ಪಟ್ಟಿಯನ್ನು ಮೊದಲು ಮಾಡಿತು. ವ್ಯಾಪಾರಿಗಳ ಸಂಘಗಳು ಪ್ರಶ್ನಿಸಿದ್ದರಿಂದ ಪ್ರಕರಣ ಯುರೋಪಿಯನ್ ನ್ಯಾಯಾಲಯದವರೆಗೂ ಹೋಯಿತು. 2008ರ ಜೂನ್‌ನಲ್ಲಿ ಬಂದ ಆ ತೀರ್ಪು ಎಲ್ಲ ನಿಯಮಕರ್ತರೂ ಓದಬೇಕಾದದ್ದು. ಪಟ್ಟಿ ಮಾಡುವುದು ತಪ್ಪಲ್ಲ, ಆದರೆ ಅದರ ಮಾನದಂಡಗಳು ವಸ್ತುನಿಷ್ಠವಾಗಿರಬೇಕು, ತಾರತಮ್ಯ ಇರಬಾರದು. ಹೊಸ ಪ್ರಭೇದವನ್ನು ಸೇರಿಸಿ ಎಂದು ಕೇಳಲು ಸುಲಭವಾದ ದಾರಿ ಇರಬೇಕು. ನಿರಾಕರಿಸಿದರೆ ಕಾರಣ ಕೊಡಬೇಕು, ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿರಬೇಕು ಎಂದು ಅದು ಹೇಳಿತು. ನೆದರ್ಲೆಂಡ್ಸ್‌ನಲ್ಲಿ 2024ರ ಜುಲೈ 1ರಿಂದ 30 ಸಸ್ತನಿಗಳ ಪಟ್ಟಿ ಜಾರಿಯಲ್ಲಿದೆ. ಪಟ್ಟಿಯ ಹೊರಗಿನ ಪ್ರಾಣಿ ಆಗಲೇ ಮನೆಯಲ್ಲಿದ್ದರೆ ಅದು ಸಾಯುವವರೆಗೂ ಇಟ್ಟುಕೊಳ್ಳಬಹುದು, ಮರಿ ಮಾಡಿಸುವಂತಿಲ್ಲ.

ನಾರ್ವೆಯ ಅನುಭವ ಇನ್ನೊಂದು ಬದಿಯಿಂದ ಕಲಿಸುತ್ತದೆ. ಅಲ್ಲಿ ದಶಕಗಳ ಕಾಲ ಸರೀಸೃಪ ಸಾಕಣೆಯೇ ನಿಷಿದ್ಧವಾಗಿತ್ತು. ಜನ ಗುಟ್ಟಾಗಿ ಸಾಕುತ್ತಲೇ ಇದ್ದರು. ಕಾಯಿಲೆ ಬಿದ್ದ ಹಲ್ಲಿಯನ್ನು ವೈದ್ಯರ ಬಳಿ ಒಯ್ಯಲು ಹೆದರುತ್ತಿದ್ದರು. 2017ರಲ್ಲಿ ಸರ್ಕಾರ ಆರೈಕೆ ಸುಲಭವಾದ 19 ಪ್ರಭೇದಗಳಿಗೆ ಅನುಮತಿ ಕೊಟ್ಟಿತು. ನಿಷೇಧದ ಅತಿರೇಕವೂ ಪ್ರಾಣಿಗೆ ಹಾನಿ ಮಾಡಬಲ್ಲದೆಂಬ ಸಾಕಣೆದಾರರ ಮಾತಿನಲ್ಲಿ ಹುರುಳಿದೆ. ಹಾವು, ಹಲ್ಲಿ, ಆಮೆಗಳ ಬಗ್ಗೆ ಎಷ್ಟೋ ತಿಳಿವಳಿಕೆ ಬಂದದ್ದು ಹವ್ಯಾಸಿಗಳ ತಾಳ್ಮೆಯ ಆರೈಕೆಯಿಂದ ಎಂಬುದೂ ನಿಜ. ಅವರನ್ನು ಅಪರಾಧಿಗಳಂತೆ ಕಾಣುವ ನಿಯಮಕ್ಕೆ ಅವರ ಸಹಕಾರ ಸಿಗುವುದಿಲ್ಲ. ಸಹಕಾರ ಇಲ್ಲದೆ ನೋಂದಣಿ ಪುಸ್ತಕ ತುಂಬುವುದಿಲ್ಲ.

ಆದರೆ ನನ್ನ ಮನೆ, ನನ್ನ ಪ್ರಾಣಿ ಎಂಬ ವಾದಕ್ಕೆ ಒಂದು ಮಿತಿ ಇದೆ. ಫ್ಲೋರಿಡಾದ ಎವರ್‌ಗ್ಲೇಡ್ಸ್ ಜೌಗುಪ್ರದೇಶದಲ್ಲಿ ಸಾಕಿದವರ ಕೈತಪ್ಪಿ ಹೋದ, ಸಾಕಲಾರದೆ ಬಿಟ್ಟ ಬರ್ಮಾ ಹೆಬ್ಬಾವುಗಳು ಇಂದು ನೆಲೆಯೂರಿವೆ. ಅಲ್ಲಿ ರಕೂನ್‌ಗಳು ಕಣ್ಣಿಗೆ ಬೀಳುವುದು ಶೇ 99.3ರಷ್ಟು ಕುಸಿದಿದೆಯೆಂದು 2012ರಲ್ಲಿ ಪ್ರಕಟವಾದ ಅಧ್ಯಯನ ದಾಖಲಿಸಿತು. 2003ರಲ್ಲಿ ಘಾನಾದಿಂದ ಅಮೆರಿಕಕ್ಕೆ ಬಂದ ಇಲಿಗಳಿಂದ ಸಾಕುಪ್ರಾಣಿಯಾಗಿ ಮಾರಾಟವಾಗುತ್ತಿದ್ದ, ಅಳಿಲಿನ ಜಾತಿಯ ಪ್ರೇರಿ ಡಾಗ್‌ಗಳಿಗೂ, ಅವುಗಳಿಂದ ಆರು ರಾಜ್ಯಗಳ 47 ಮಂದಿಗೂ ಎಂಪಾಕ್ಸ್ (ಮಂಗನ ಸಿಡುಬು) ತಗುಲಿತು. ಇಂಥ ಹೊತ್ತಿನಲ್ಲಿ ಯಾವ ಪ್ರಾಣಿ ಯಾರ ಮನೆಗೆ ಹೋಗಿದೆ ಎಂಬ ದಾಖಲೆ ಇಲ್ಲದಿದ್ದರೆ ಆರೋಗ್ಯ ಇಲಾಖೆ ಕತ್ತಲಲ್ಲಿ ತಡಕಾಡಬೇಕಾಗುತ್ತದೆ.

ಹಾಗಾದರೆ ಒಂದು ನಗರಸಭೆ ಅಥವಾ ಪಾಲಿಕೆ ಏನು ಮಾಡಬಹುದು? ರಾಷ್ಟ್ರೀಯ ಕಾನೂನು ಏನೇ ಇರಲಿ, ಊರಿನ ಮಟ್ಟದ ನೋಂದಣಿ ಪುಸ್ತಕವೊಂದನ್ನು ಇಡುವುದಕ್ಕೆ ಅಡ್ಡಿ ಕಡಿಮೆ. ಭಾರತದಲ್ಲಿ ರಾಜ್ಯದ ವಾರ್ಡನ್ ಕಚೇರಿಗೆ ಬರುವ ನೋಂದಣಿ ಮಾಹಿತಿಯನ್ನು ಆಯಾ ನಗರದ ಆರೋಗ್ಯ ಮತ್ತು ಪಶುಪಾಲನಾ ವಿಭಾಗಗಳಿಗೆ ನಿಯಮಿತವಾಗಿ ಕಳುಹಿಸುವ ವ್ಯವಸ್ಥೆಯಾದರೆ ಅರ್ಧ ಕೆಲಸ ಆದಂತೆ. ಸೈಟಿಸ್ ಪಟ್ಟಿಯ ಹೊರಗಿನ ಜೀವಿಗಳನ್ನು ಪಾಲಿಕೆ ತನ್ನ ಉಪವಿಧಿಗಳ ಮೂಲಕ ಸೇರಿಸಿಕೊಳ್ಳಬಹುದು. ಆ ಪುಸ್ತಕ ಸಾರ್ವಜನಿಕವಾಗಿರಬೇಕಿಲ್ಲ. ಬೆಲೆಬಾಳುವ ಪ್ರಾಣಿಗಳ ವಿಳಾಸ ಕಳ್ಳರಿಗೆ ಸಿಗಬಾರದು ಎಂಬ ಸಾಕಣೆದಾರರ ಆತಂಕ ನ್ಯಾಯವಾದದ್ದೇ. ಆದರೆ ಅಗ್ನಿಶಾಮಕ ಠಾಣೆಗೂ ಆಂಬ್ಯುಲೆನ್ಸ್ ಸಿಬ್ಬಂದಿಗೂ ಅದು ಲಭ್ಯವಿರಲೇಬೇಕು. ಹೊಗೆ ತುಂಬಿದ ಮನೆಯ ಬಾಗಿಲು ಒಡೆದು ಒಳನುಗ್ಗುವವರಿಗೆ, ಆ ಕೋಣೆಯಲ್ಲಿ ವಿಷದ ಹಾವುಗಳ ಪೆಟ್ಟಿಗೆಗಳಿವೆ ಎಂಬುದು ಮುಂಚೆಯೇ ತಿಳಿದಿರಬೇಕು. ಹೊರದೇಶದ ವಿಷದ ಹಾವು ಸಾಕಲು ಅನುಮತಿ ಇರುವ ಊರುಗಳಲ್ಲಿ, ಅದಕ್ಕೆ ತಕ್ಕ ಪ್ರತಿವಿಷ ಯಾವ ಆಸ್ಪತ್ರೆಯಲ್ಲಿ ಅಥವಾ ಮೃಗಾಲಯದಲ್ಲಿ ಇದೆ ಎಂಬುದನ್ನು ಅರ್ಜಿಯಲ್ಲೇ ತೋರಿಸುವಂತೆ ಕೇಳಬೇಕು. ಒಂದು ದೇಶದ ಹಾವಿನ ಪ್ರತಿವಿಷ ಇನ್ನೊಂದು ದೇಶದ ಹಾವಿಗೆ ಸಾಮಾನ್ಯವಾಗಿ ನಾಟುವುದಿಲ್ಲ.

ತಪಾಸಣೆಗೆ ನಾಯಿ, ಹಸು ಮಾತ್ರ ನೋಡಿ ಗೊತ್ತಿರುವವರನ್ನು ಕಳುಹಿಸಿ ಪ್ರಯೋಜನವಿಲ್ಲ. ಸಣ್ಣ ಊರುಗಳಿಗೆ ಅಂಥ ತಜ್ಞರನ್ನು ಸ್ವಂತವಾಗಿ ಇಟ್ಟುಕೊಳ್ಳಲಾಗದು, ಆದ್ದರಿಂದ ಜಿಲ್ಲೆಯ ಮಟ್ಟದಲ್ಲಿ ಪಶುವೈದ್ಯರ ಒಂದು ಪಟ್ಟಿ ಮಾಡಿ ಹಂಚಿಕೊಳ್ಳಬೇಕಾಗುತ್ತದೆ. ಶುಲ್ಕ ಜಿಲ್ಲೆಗೆಲ್ಲ ಒಂದೇ ಇರಬೇಕು. ಮೊದಲ ವರ್ಷ ತಾವಾಗಿಯೇ ಬಂದು ನೋಂದಾಯಿಸುವವರಿಗೆ ದಂಡವೂ ಬೇಡ, ಮುಟ್ಟುಗೋಲೂ ಬೇಡ. ಸಾಕಲಾರೆ ಎಂದು ಒಪ್ಪಿಸುವವರಿಂದ ಪ್ರಶ್ನೆ ಕೇಳದೆ ಪ್ರಾಣಿಯನ್ನು ಪಡೆಯಬೇಕು. ಪಡೆದದ್ದನ್ನು ಇಡುವುದೇ ಕೊನೆಗೆ ಎಲ್ಲಕ್ಕಿಂತ ಕಠಿಣ ಭಾಗ. ಮೃಗಾಲಯಗಳು ತಳಿ ಮಿಶ್ರಣದ ಅನುಮಾನವಿರುವ, ಮನುಷ್ಯರಿಗೆ ಒಗ್ಗಿದ ಪ್ರಾಣಿಗಳನ್ನು ತೆಗೆದುಕೊಳ್ಳಲು ಹಿಂದೇಟು ಹಾಕುತ್ತವೆ. ಕಾಡಿಗೆ ಬಿಡುವಂತಿಲ್ಲ, ಏಕೆಂದರೆ ಅದು ಅವುಗಳ ಕಾಡಲ್ಲ. ದೊಡ್ಡ ಆಮೆಗಳೂ ಮಕಾವ್‌ಗಳೂ ಐವತ್ತು ವರ್ಷಕ್ಕೂ ಮೀರಿ ಬದುಕಬಲ್ಲವು. ಅಷ್ಟು ಕಾಲದ ಆಹಾರ, ಜಾಗ, ವೈದ್ಯರ ಖರ್ಚು ಯಾರದು ಎಂಬುದನ್ನು ಪ್ರಾಣಿಯನ್ನು ಮಾರುವ ಹಂತದಲ್ಲೇ ನಿರ್ಧರಿಸಬೇಕು. ಮಾರಾಟಗಾರರಿಂದಲೂ ಕೊಳ್ಳುವವರಿಂದಲೂ ಒಂದು ಠೇವಣಿ ಪಡೆದು, ಅದನ್ನು ಆಶ್ರಯಧಾಮಕ್ಕಾಗಿಯೇ ಮೀಸಲಿಡುವುದು ನನಗೆ ಕಾಣುವ ನ್ಯಾಯವಾದ ಉಪಾಯ. ಆ ಹೊರೆ ಹೊರಲು ಸಿದ್ಧರಿಲ್ಲದವರಿಗೆ ಪರವಾನಗಿಯನ್ನು ನಿರಾಕರಿಸುವ ಅಧಿಕಾರ, ಕಾರಣವನ್ನು ಲಿಖಿತವಾಗಿ ಕೊಡುವ ಹೊಣೆಯೊಂದಿಗೆ, ಸ್ಥಳೀಯ ಸಂಸ್ಥೆಯ ಕೈಯಲ್ಲಿರಬೇಕು.